ಕೀವು ಬಂತು

ಹೊಕ್ಕಳ ಬಳ್ಳಿ ಬೀಳಲಿಲ್ಲ.

ಎಲ್ಲ ಕೂಸುಗಳಿಗೂ ಒಂದೆರಡು ವಾರದಲ್ಲಿ ಒಣಗಿ ಉದುರುವ ಬಳ್ಳಿ, ನನ್ನ ಮಗನಿಗೆ ತಿಂಗಳು ದಾಟಿದರೂ ಅಂಟಿಕೊಂಡೇ ಇತ್ತು. ನಮ್ಮ ಮನೆತನದಲ್ಲಿ ಬಳ್ಳಿ ಬಿದ್ದ ಮೇಲೆಯೇ ತೊಟ್ಟಿಲು, ತೊಟ್ಟಿಲಾದ ಮೇಲೆಯೇ ಹೆಸರು. ಹಾಗಾಗಿ ಅವನು ಬರೀ ‘ಕೂಸು’. ಚಿತ್ತಾಪುರದ ನಮ್ಮ ಓಣಿಯಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬಂದವರೆಲ್ಲ ಅಳತೆ ಕೊಡುವ ಮೊದಲು ಅದನ್ನೇ ಕೇಳುತ್ತಿದ್ದರು, ಬಿತ್ತೇನು ಎಂದು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಇನ್ನೊಮ್ಮೆ ಕೇಳಿದರೆ ತೋಳು ಗಿಡ್ಡ ಹೊಲಿದು ಕೊಡುತ್ತೇನೆ ಎಂದು ಒಬ್ಬಾಕೆಗೆ ಹೇಳಿಯೂ ಬಿಟ್ಟೆ.

ಕೊನೆಗೆ ಬಿತ್ತು. ಗಡಿಬಿಡಿಯಲ್ಲಿ ತೊಟ್ಟಿಲು ಕಟ್ಟಿ ಶರಣು ಎಂದು ಹೆಸರಿಟ್ಟೆವು. ಆದರೆ ಬಳ್ಳಿ ಬಿದ್ದ ಜಾಗ ಮಾಯಲಿಲ್ಲ, ಹಸಿಹಸಿಯಾಗಿಯೇ ಉಳಿಯಿತು. ಆಮೇಲೆ ಸೊಳ್ಳೆ ಕಚ್ಚಿದಲ್ಲಿ ತೊಡೆಯ ಮೇಲೊಂದು ಗಾಯ. ಕಿವಿಯ ಹಿಂದೆ ಇನ್ನೊಂದು. ಅಂಚು ಅಗಲವಾಗುತ್ತಾ, ನಡುವೆ ಕಪ್ಪಾಗುತ್ತಾ ಹೋದವು. ಜ್ವರ ಬರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು.

ಒಂದೇ ಸಮಾಧಾನವೆಂದರೆ ಕೀವಿರಲಿಲ್ಲ. ನಮ್ಮ ಅತ್ತೆ ದಿನಾ ಗಾಯ ನೋಡಿ, ಕೂಸಿನ ರಕ್ತ ಶುದ್ಧ ಇದೆ, ಕೀವಿಲ್ಲದ ಗಾಯ ಇವತ್ತಲ್ಲ ನಾಳೆ ಮಾಯುತ್ತದೆ ಎನ್ನುತ್ತಿದ್ದರು. ಹೆತ್ತು ಸಾಕಿ ಅನುಭವವಿದ್ದವರ ಮಾತು. ನಾನೂ ನಂಬಿದೆ. ಶಹಾಬಾದಿನಲ್ಲಿ ಹಾಸುಗಲ್ಲು ಕೊಯ್ಯುವ ಕೆಲಸ ಮಾಡುವ ನಮ್ಮ ಮನೆಯವರು ಕೂಡ, ನನ್ನ ಕೈಗೆ ಕಲ್ಲು ತರಚಿದರೆ ಕೀವು ಸೋರುತ್ತದೆ, ಇವನು ನನಗಿಂತ ಗಟ್ಟಿ ಎಂದು ನಗುತ್ತಿದ್ದರು.

ಜ್ವರ ಬಿಡದಾಗ ಊರಿನ ಮಕ್ಕಳ ಡಾಕ್ಟರ ಹತ್ತಿರ ಒಯ್ದೆವು. ಅವರು ಗಾಯದ ಸುತ್ತ ಮೆಲ್ಲಗೆ ಒತ್ತಿ ನೋಡಿದರು. ಕೀವು ಒಂದು ಹನಿಯೂ ಇಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

“ಅದೇ ನನಗ ಹೆದರಿಕಿ ಹಚ್ಚ್ಯಾದ ನೋಡ್ರಿ” ಎಂದರು ಅವರು.

ಬ್ಲಡ್ ಟೆಸ್ಟ್ ಮಾಡಿಸಿದರು. ಬಿಳಿ ರಕ್ತಕಣ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಅವತ್ತೇ ಕಲಬುರಗಿಗೆ ಕಳಿಸಿದರು. ಅಲ್ಲಿ ಒಂದು ಮಾತು ಕಿವಿಗೆ ಬಿತ್ತು.

ಕ್ಯಾನ್ಸರ್ ಇರಬಹುದು.

ಆಮೇಲಿನ ದಿನಗಳಲ್ಲಿ ನಾನು ಉಂಡೆನೋ ಬಿಟ್ಟೆನೋ ನೆನಪಿಲ್ಲ. ರಿಪೋರ್ಟ್ ಬಂದಾಗ ಕ್ಯಾನ್ಸರ್ ಅಲ್ಲ ಎಂದರು. ನಾನು ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಅಳು ಮುಗಿಯುವಷ್ಟರಲ್ಲಿ, ಬೇರೆ ಏನೋ ಇದೆ, ಇನ್ನೊಂದು ಟೆಸ್ಟ್ ಹೊರಗೆ ಕಳಿಸಬೇಕು ಎಂದರು. ಅದರಲ್ಲಿ ಹೆಸರು ಸಿಕ್ಕಿತು. ಲ್ಯುಕೋಸೈಟ್ ಅಡ್ಹೀಶನ್ ಡಿಫಿಷಿಯನ್ಸಿ. ಉಚ್ಚರಿಸಲು ಕಲಿಯುವುದಕ್ಕೇ ನನಗೆ ಒಂದು ದಿನ ಹಿಡಿಯಿತು.

ನನಗೊಂದು ಅರ್ಥವಾಗಲಿಲ್ಲ. ರೋಗದ ಜೊತೆ ಹೋರಾಡುವುದು ಬಿಳಿ ಕಣಗಳೇ ಎನ್ನುತ್ತಾರೆ, ಅವು ರಕ್ತದ ತುಂಬಾ ಇವೆ ಎನ್ನುತ್ತಾರೆ, ಮತ್ತೆ ಗಾಯ ಯಾಕೆ ಮಾಯುತ್ತಿಲ್ಲ? ಅಲ್ಲಿನ ಡಾಕ್ಟರಮ್ಮ ಸೇಡಂ ಕಡೆಯವರು. ನನ್ನ ಜಗಳಗಂಟ ದನಿಗೆ ಬೇಸರ ಮಾಡಿಕೊಳ್ಳದೆ ಕುಳಿತು ಹೇಳಿದರು. ಗಾಯವಾದ ಕಡೆ ರಕ್ತನಾಳದ ಒಳಗೋಡೆ ಬಿಳಿ ಕಣಗಳನ್ನು ಕರೆಯುತ್ತದಂತೆ. ಅವು ಗೋಡೆಗುಂಟ ಉರುಳುತ್ತಾ ನಿಧಾನವಾಗಿ, ಗೋಡೆಯನ್ನು ಗಟ್ಟಿಯಾಗಿ ಹಿಡಿದು ನಿಂತು, ಸಂದಿಯಲ್ಲಿ ನುಸುಳಿ ಮಾಂಸಕ್ಕೆ ಇಳಿಯುತ್ತವಂತೆ. ಅಲ್ಲಿ ಕಾದಾಡಿ ಸತ್ತವೇ ಕೀವು. ಶರಣುವಿನ ಕಣಗಳು ಉರುಳುತ್ತವೆ, ಆದರೆ ಅವುಗಳಿಗೆ ಹಿಡಿತವಿಲ್ಲ. ರಕ್ತ ಅವನ್ನು ಮುಂದಕ್ಕೆ ಎಳೆದುಕೊಂಡು ಹೋಗಿಬಿಡುತ್ತದೆ.

“ವಾಡಿ ಸ್ಟೇಷನ್ನಾಗ ಗಾಡಿ ನಿಲ್ಲಲಿಲ್ಲಂದ್ರ, ಒಳಗ ಎಷ್ಟು ಮಂದಿ ಇದ್ರ ಏನು ಬಂತ್ರಿ?” ಎಂದರು.

ಶುದ್ಧ ರಕ್ತ ಎಂದು ನಾವೆಲ್ಲ ಬೀಗುತ್ತಿದ್ದದ್ದು ಇದಕ್ಕೆ!

ಮುಂದಿನದನ್ನು ಅವರು ಮುಚ್ಚಿಡದೆ ಹೇಳಿದರು. ಹೀಗೇ ಬಿಟ್ಟರೆ ಇವನು ಎರಡು ವರ್ಷ ದಾಟುವುದು ಕಷ್ಟ. ಒಡಹುಟ್ಟಿದವರ ಮೂಳೆಮಜ್ಜೆ ಹೊಂದಿದರೆ ಅದನ್ನು ಕೊಡಿಸಬಹುದು, ಆಗ ಹಿಡಿತವಿರುವ ಹೊಸ ಕಣಗಳು ಹುಟ್ಟುತ್ತವೆ. ನಮಗಿದ್ದವಳು ಒಬ್ಬಳೇ ಮಗಳು, ಎರಡನೇ ಇಯತ್ತೆಯ ಅಂಬಿಕಾ. ಟೆಸ್ಟ್ ಮಾಡಿಸಿದೆವು. ಹೊಂದಿತು.

ಅತ್ತೆ ಒಪ್ಪಲಿಲ್ಲ. ಆಡಿಕೊಂಡಿರುವ ಹುಡುಗಿಯನ್ನೂ ಆಪರೇಷನ್ ಟೇಬಲ್ ಮೇಲೆ ಮಲಗಿಸುವುದನ್ನು ಅವರಿಂದ ಸಹಿಸಲಾಗಲಿಲ್ಲ.

“ಒಂದರ ಸಲುವಾಗಿ ಎರಡೂ ಕಳಕೋತಿಯೇನ ಯವ್ವಾ?”

“ಎರಡೂ ಕರಕೊಂಡೇ ಬರ್ತೀನ್ರಿ ಅತ್ತಿ” ಎಂದೆ.

ಅಂಬಿಕಾಳನ್ನೂ ಕೇಳಿದೆವು. ಕೊಟ್ಟ ಮೇಲೆ ತನಗೆ ಉಳಿಯುತ್ತದೋ ಇಲ್ಲವೋ ಎಂದು ವಿಚಾರಿಸಿದಳು. ಕೆಲವೇ ವಾರದಲ್ಲಿ ನಿನ್ನಲ್ಲಿ ಮತ್ತೆ ಹುಟ್ಟುತ್ತದೆ ಎಂದಾಗ, ಹಾಗಾದರೆ ತೆಗೆದುಕೊಳ್ಳಿ, ಆದರೆ ಅವನು ಇನ್ನು ಮುಂದೆ ತನ್ನ ರಬ್ಬರ್ ಕಚ್ಚಬಾರದು ಎಂದು ಕರಾರು ಹಾಕಿದಳು.

ಹೈದರಾಬಾದಿನ ಆಸ್ಪತ್ರೆ. ಹಳೆಯ ಮಜ್ಜೆ ತೆಗೆದು ಹೊಸದಕ್ಕೆ ಜಾಗ ಮಾಡಲು ಕೂಸಿಗೆ ಕೀಮೋ ಕೊಟ್ಟರು. ಕೂದಲು ಕೈಗೆ ಬಂತು. ಬಾಯಿ ಹುಣ್ಣಾಗಿ ಹಾಲೂ ಇಳಿಯಲಿಲ್ಲ. ತುಂಬಿ ತುಳುಕುತ್ತಿದ್ದ ಬಿಳಿ ಕಣ ಹೆಚ್ಚುಕಡಿಮೆ ಸೊನ್ನೆಗೆ ಬಂತು. ಅಂಬಿಕಾಳ ಸೊಂಟದಿಂದ ತೆಗೆದದ್ದು ಒಂದು ಚೀಲದಲ್ಲಿ ಬಂದು, ಸಲೈನ್‌ನ ಹಾಗೆ ಹನಿಹನಿಯಾಗಿ ಅವನ ಮೈಗೆ ಇಳಿಯಿತು. ಇಷ್ಟೇನಾ ಎಂದುಕೊಂಡೆ. ಆಮೇಲಿನ ಕಾಯುವಿಕೆ ಮಾತ್ರ ಯಾರಿಗೂ ಬೇಡ. ಮಾಸ್ಕ್ ಹಾಕಿಕೊಂಡು, ಕೈ ತೊಳೆದೂ ತೊಳೆದೂ ಚರ್ಮ ಸುಲಿದುಕೊಂಡು, ದಿನಾ ಬೆಳಗ್ಗೆ ನರ್ಸ್ ಮುಖ ನೋಡುತ್ತಿದ್ದೆ. ಇವತ್ತಿಲ್ಲ, ಇವತ್ತೂ ಇಲ್ಲ. ಇಷ್ಟಲಿಂಗ ಹಿಡಿದು ಕುಳಿತರೆ ಒಂದು ಕ್ಷಣ ಬೇಡಿಕೊಳ್ಳುತ್ತಿದ್ದೆ, ಮರುಕ್ಷಣ ಜಗಳ ತೆಗೆಯುತ್ತಿದ್ದೆ.

ಒಂದು ಬೆಳಗ್ಗೆ ನರ್ಸ್ ಓಡಿಕೊಂಡೇ ಬಂದಳು. ಬಿಳಿ ಕಣಗಳ ಕೌಂಟ್ ಏರುತ್ತಿತ್ತು.

ಹೊಸ ಕಣಗಳಿಗೆ ಹಿಡಿತ ಇದೆ ಎಂದು ಟೆಸ್ಟ್ ಹೇಳಿತು. ಕಿವಿಯ ಹಿಂದಿನ ಗಾಯ ಮೊದಲು ಕೂಡಿತು, ಆಮೇಲೆ ತೊಡೆಯದು, ಕೊನೆಗೆ ಹೊಕ್ಕಳದ್ದೂ. ಇಬ್ಬರನ್ನೂ ಕರೆದುಕೊಂಡು ಮನೆಗೆ ಬಂದಾಗ ಅತ್ತೆ ಇಬ್ಬರಿಗೂ ದೃಷ್ಟಿ ತೆಗೆದು ನೆಟಿಗೆ ಮುರಿದರು. ಆದರೂ ನನ್ನೊಳಗೊಂದು ಅಳುಕು ಉಳಿದಿತ್ತು. ಕಾಗದ ಹೇಳುವುದು ಬೇರೆ, ಮೈ ಹೇಳುವುದು ಬೇರೆ. ಅವನಿಗೆ ಹೊಸ ಗಾಯವಾದರೆ ಏನಾಗುತ್ತದೆ?

ಕಳೆದ ತಿಂಗಳು ಆಯಿತು. ನಡೆಯಲು ಕಲಿತವನು ಅಂಗಳ ದಾಟಿ ಹೋಗಿ ಜಾಲಿ ಮುಳ್ಳು ತುಳಿದ. ಸಂಜೆಗೆ ಅಂಗಾಲು ಊದಿತು, ಕೆಂಪಾಯಿತು, ಮುಟ್ಟಿದರೆ ಬಿಸಿ. ಚೀರಾಡಿಬಿಟ್ಟ. ಹೈದರಾಬಾದಿಗೆ ಫೋಟೋ ಕಳಿಸಿದೆವು, ಅವರು ಔಷಧ ಹೇಳಿದರು. ಮರುದಿನ ಹತ್ತಿಯಿಂದ ಒರೆಸುವಾಗ ಗುಳ್ಳೆ ತಾನಾಗಿ ಒಡೆಯಿತು.

ಕೀವು.

ಹಳದಿ ಕೀವು. ನಾನು ಕೂಗಿದ ಕೂಗಿಗೆ ಅತ್ತೆ ಒಲೆ ಬಿಟ್ಟು ಓಡಿ ಬಂದರು. ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಡಬ್ಬಿಯಿಂದ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ಕೀವು ಕಂಡು ಸಕ್ಕರೆ ತಿಂದ ತಾಯಿ ಇನ್ನೊಬ್ಬಳಿರಲಿಕ್ಕಿಲ್ಲ. ಔಷಧ ಇನ್ನೂ ನಿಂತಿಲ್ಲ, ಹೈದರಾಬಾದಿಗೆ ತೋರಿಸಲು ಹೋಗುವುದು ಇದ್ದೇ ಇದೆ, ನಾಳೆಯದನ್ನು ಯಾರೂ ಬರೆದು ಕೊಟ್ಟಿಲ್ಲ. ಆದರೆ ಅವತ್ತು ನಾವು ಗೆದ್ದಿದ್ದೆವು.

ಶಾಲೆಯಿಂದ ಬಂದ ಅಂಬಿಕಾ ಹತ್ತಿ ನೋಡಿ ಮೂಗು ಮುಚ್ಚಿಕೊಂಡಳು. ಅವನ ಮೈಯಲ್ಲಿ ಈಗ ಹುಟ್ಟುವ ಬಿಳಿ ಕಣಗಳು ನೀನು ಕೊಟ್ಟದ್ದರಿಂದ ಬಂದವು, ಮುಳ್ಳು ಚುಚ್ಚಿದಲ್ಲಿಗೆ ಇಳಿದು ಕಾದಾಡಿದವು ಅವೇ ಎಂದು ತಿಳಿಸಿ ಹೇಳಿದೆ.

“ಅಂದ್ರ ಈ ಕೀವು ನಂದೇನು?”

“ಹೂಂ, ನಿಂದೇ.”

ಮೂಗಿನ ಮೇಲಿನ ಕೈ ತೆಗೆದು, ಬಗ್ಗಿ ಇನ್ನೊಮ್ಮೆ ನೋಡಿದಳು. ಬ್ಯಾಗು ಬಿಸಾಕಿ ಓಣಿಗೆ ಓಡಿದಳು. ಎದುರುಮನೆಯವರಿಗೆ, ಕಿರಾಣಿ ಅಂಗಡಿಯವರಿಗೆ, ಬ್ಲೌಸ್ ಒಯ್ಯಲು ಬರುತ್ತಿದ್ದವರಿಗೆ, ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿದಳು: “ನಮ್ಮ ತಮ್ಮನ ಕಾಲಾಗ ಕೀವಾಗ್ಯಾದ. ಅದು ನಂದು.”