ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು

ಮೊನ್ನೆ ಹೊಲದ ಕಾಗದಕ್ಕೆಂದು ಹೋಗಿದ್ದ ಸೇಡಂ ತಹಸೀಲ ಕಚೇರಿಯಲ್ಲಿ ಗುಮಾಸ್ತ ಶಾಯಿಯ ಡಬ್ಬಿ ತೆರೆದು ನನ್ನ ಮುಂದೆ ತಳ್ಳಿದ. ಕೈ ನಡುಗಿ ಸಹಿ ಎರಡು ಸಲ ಕೆಟ್ಟಿತ್ತು. ಕಣ್ಣಿಗೆ ಪೊರೆ ಬಂದಿದ್ದರಿಂದ ಡಬ್ಬಿ ಸರಿಯಾಗಿ ಕಾಣಲಿಲ್ಲ, ವಾಸನೆ ಮಾತ್ರ ಮೂಗಿಗೆ ಬಡಿಯಿತು. ಅದೇ ನೇರಳೆ ಶಾಯಿ. ಕೂಡಲೇ ಚಿತ್ತಾಪುರದ ನಮ್ಮ ಪಕ್ಕದ ಮನೆಯ ವಕೀಲರು ನೆನಪಾದರು.

ಅದು ನಿಜಾಮರ ಕಾಲ. ನಾವಿಬ್ಬರೂ ಒಂದೇ ವರ್ಷ ಉರ್ದುವಿನಲ್ಲಿ ವಕೀಲಿ ಪರೀಕ್ಷೆ ಪಾಸಾದವರು. ನನ್ನ ಉರ್ದು ಅಕ್ಷರ ಮುತ್ತು ಪೋಣಿಸಿದಂತೆ ಇರುತ್ತಿತ್ತು. ಅವರದು ಕೋಳಿ ಕೆದರಿದಂತೆ. ಆದರೂ ಶಹಾಬಾದಿನ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಕಂಪನಿ ತನ್ನ ಕೂಲಿಕಾರರ ಕಾಗದಪತ್ರಗಳನ್ನೆಲ್ಲ ಅವರಿಗೇ ಒಪ್ಪಿಸಿತ್ತು. ಯಾರನ್ನು ತೆಗೆಯಬಹುದು, ಗಾಯವಾದವನಿಗೆ ಏನು ಮಾಡಬೇಕು, ಹೊಸ ಕಾನೂನು ಏನು ಹೇಳುತ್ತದೆ, ಎಲ್ಲಕ್ಕೂ ಅವರ ಮಾತೇ. ಸೋಮವಾರಕ್ಕೊಮ್ಮೆ ಕಂಪನಿಯ ಮೋಟಾರು ಅವರ ಬಾಗಿಲಿಗೆ ಬರುತ್ತಿತ್ತು. ನನ್ನ ಹೆಂಡತಿ ಕಿಟಕಿಯಿಂದ ನೋಡಿ, "ನಮ್ಮ ಬಾಗಿಲಿಗಿ ಟಾಂಗಾನೂ ನಿಂದ್ರಂಗಿಲ್ಲ" ಅನ್ನುವಳು. ನನ್ನ ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು. ಸುಳ್ಳೇಕೆ ಹೇಳಲಿ, ಅವರಿಗೆ ಜ್ವರ ಬಂದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಒಮ್ಮೆ ಅವರೇ, "ಬರ್ರಿ, ಗಣಿ ನೋಡೀರಂತ" ಎಂದು ನನ್ನನ್ನೂ ಮೋಟಾರಿನಲ್ಲಿ ಕೂರಿಸಿಕೊಂಡರು. ಅವರ ಪದ್ಧತಿಯನ್ನು ಕಣ್ಣಾರೆ ಕಂಡದ್ದು ಅವತ್ತೇ. ಉರ್ದು ಕಾಗದವನ್ನು ಕೂಲಿಯವನ ಮುಂದೆ ಕನ್ನಡದಲ್ಲಿ ಓದಿ ಹೇಳುವರು. ಸೇಡಂ ಕಡೆಯ ತೆಲುಗಿನವನಾದರೆ ತೆಲುಗಿನಲ್ಲಿ. ಆಮೇಲೆ, "ಏನ್ ತಿಳೀತು, ನೀ ಹೇಳು" ಅನ್ನುವರು. ಅವನು ತನ್ನ ಬಾಯಿಂದ ಸರಿಯಾಗಿ ತಿರುಗಿ ಹೇಳುವವರೆಗೂ ಶಾಯಿ ಡಬ್ಬಿಯ ಮುಚ್ಚಳ ತೆರೆಯುತ್ತಿರಲಿಲ್ಲ. ಒಂದೊಂದು ಕಾಗದಕ್ಕೂ ಅರ್ಧ ತಾಸು!

ಅಂದು ಬಂದವನು ರಾವೂರಿನ ಕಲ್ಲು ಒಡೆಯುವವ. ಪರಸಿಯ ಅಡಿ ಸಿಕ್ಕು ಅವನ ಬಲಗೈ ಜಜ್ಜಿಹೋಗಿತ್ತು. ನಾನಾಗಿಯೇ ಕೆಲಸ ಬಿಡುತ್ತಿದ್ದೇನೆ ಎಂದು ಅವನಿಂದ ಬರೆಸಿಕೊಂಡರೆ ಕಂಪನಿಗೆ ಅವನ ಹೊಣೆ ತಪ್ಪುತ್ತಿತ್ತು. ಅವನು ಇದ್ದ ಕಂಪನಿಯ ಖೋಲಿಯೂ ಖಾಲಿಯಾಗುತ್ತಿತ್ತು. ವಕೀಲರು ಓದಿ, ನೀ ಹೇಳು ಎಂದರು.

"ನಾನೇ ಬ್ಯಾಡಂತ ಬಿಟ್ಟು ಹೊಂಟೀನಿ ಅಂತ ಬರ್ದಾರ್ರಿ" ಎಂದ ಅವನು. "ಹೆಂಡ್ರು ಮಕ್ಕಳ್ನ ಕಟ್ಕೊಂಡು ನಾ ಎಲ್ಲಿಗಿ ಹೋಗ್ಲಿರಿ?"

ವಕೀಲರು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಅಲ್ಲೇ ಕೂತಿದ್ದ ಕಂಪನಿಯ ಮ್ಯಾನೇಜರನ ಕಡೆ ತಿರುಗಿದರು. "ಇದು ಅದಾಲತಿನ್ಯಾಗ ನಿಂದ್ರಂಗಿಲ್ಲ ಸಾಹೇಬ್ರ. ಇವಗ ಗೇಟಿನ್ಯಾಗ ಕಾವಲಿಗಿ ಕುಂಡ್ರಸ್ರಿ. ಕಂಪನಿಗೂ ಅದೇ ಛಲೋ."

ಮ್ಯಾನೇಜರನ ಮುಖ ಗಂಟಿಕ್ಕಿದ್ದನ್ನು ನಾನು ನೋಡಿದೆ. ಮರುದಿನವೇ ನನ್ನ ಮುತ್ತಿನಂಥ ಅಕ್ಷರದಲ್ಲಿ ಅವನಿಗೊಂದು ಪತ್ರ ಬರೆದೆ. ಹೀಗೆ ಓದಿ ಹೇಳುವುದರಿಂದ ಕೂಲಿಕಾರರು ತಲೆಯ ಮೇಲೆ ಕೂರುತ್ತಾರೆ, ಈ ಕೆಲಸ ನನಗೆ ಕೊಟ್ಟರೆ ಹತ್ತು ನಿಮಿಷದ್ದು ಎಂದು. ಎರಡು ವಾರ ಕಳೆಯುವುದರೊಳಗೆ ಮೋಟಾರು ಅವರ ಬಾಗಿಲು ದಾಟಿ ನನ್ನ ಬಾಗಿಲಿಗೆ ಬಂದು ನಿಂತಿತು. ನನ್ನ ಹೆಂಡತಿ ಅಂಗಳಕ್ಕೆ ನೀರು ಹೊಡೆದು ದೊಡ್ಡ ರಂಗೋಲಿ ಹಾಕಿದಳು.

ಮ್ಯಾನೇಜರ್ ನನ್ನ ಕೈಗೆ ಕೊಟ್ಟ ಮೊದಲ ಕಾಗದ ಅದೇ ರಾವೂರಿನವನದು, ತಾನೇ ಕೆಲಸ ಬಿಟ್ಟೆನೆಂಬುದು. ಅವನು ಬಂದು ನಿಂತು, ನಾನು ಓದಿ ಹೇಳುತ್ತೇನೆಂದು ಕಾದ. ನಾನು ಡಬ್ಬಿ ತೆರೆದೆ.

"ಗೇಟಿನ ಕೆಲಸದ್ದೇನ್ರಿ ಸಾಹೇಬ್ರ?"

"ಹೂಂ, ಒತ್ತು" ಎಂದೆ.

ಬಲಗೈಗೆ ಬಟ್ಟೆ ಸುತ್ತಿತ್ತು. ಎಡಗೈ ಹೆಬ್ಬೆಟ್ಟು ಒತ್ತಿ, ನನಗೆ ಬಾಗಿ ನಮಸ್ಕಾರ ಮಾಡಿ ಹೋದ...

ಅವನು ಖೋಲಿ ಬಿಟ್ಟ ಸುದ್ದಿ ಚಿತ್ತಾಪುರಕ್ಕೂ ಬಂತು. ಒಂದು ಸಂಜೆ ಪಕ್ಕದ ಮನೆಯ ವಕೀಲರು ಗೋಡೆಯ ಆಚೆಯಿಂದ ಕೇಳಿದರು, "ಅವಗ ಓದಿ ಹೇಳಿದ್ರಿಲ್ಲ?"

"ಹೇಳ್ದೆರಿ. ಅವನೇ ಒಪ್ಪಿದ" ಎಂದೆ.

"ಹಂಗಾರ ಆತು ಬಿಡ್ರಿ" ಎಂದು ಒಳಗೆ ಹೋದರು. ನಂಬಿಬಿಟ್ಟರು! ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಮೋಟಾರು ನನ್ನ ಬಾಗಿಲಿಗೆ ಬರುತ್ತಿದ್ದರೂ ವಾಡಿ, ರಾವೂರಿನಿಂದ ಬಂದ ಕೂಲಿಕಾರರು ನನ್ನ ಕಟ್ಟೆಯ ಮುಂದೆಯೇ ನಿಂತು, "ಕಂಪನಿ ವಕೀಲರ ಮನಿ ಯಾವ್ದ್ರಿ?" ಎಂದು ಕೇಳುತ್ತಿದ್ದರು. ಇದೇ ಎಂದರೆ ನನ್ನ ಮುಖ ನೋಡಿ, "ನೀವಲ್ರಿ, ಓದಿ ಹೇಳವ್ರು" ಎಂದು ಮುಂದಿನ ಬಾಗಿಲಿಗೆ ಹೋಗುತ್ತಿದ್ದರು. ಕೆಲಸ ಕಿತ್ತುಕೊಂಡೆ, ಆ ಹೆಸರು ಕಿತ್ತುಕೊಳ್ಳಲು ಆಗಲಿಲ್ಲ. ಆ ಉರಿ ಇವತ್ತಿಗೂ ಆರಿಲ್ಲ.

ರಜಾಕಾರರ ಗಲಾಟೆಯ ವರ್ಷ ಅವರು ಮನೆಗೆ ಬೀಗ ಹಾಕಿ, ಹೆಂಡತಿ ಮಕ್ಕಳೊಂದಿಗೆ ಸೊಲ್ಲಾಪುರದ ಕಡೆ ಹೋದರು. ಬೀಗದ ಕೈಯನ್ನು ನನ್ನ ಕೈಯಲ್ಲೇ ಕೊಟ್ಟಿದ್ದರು. ತಿರುಗಿ ಬರಲಿಲ್ಲ. ಅಲ್ಲೇ ತೀರಿಕೊಂಡರೆಂದು ಬಹಳ ವರ್ಷಗಳ ಮೇಲೆ ಯಾರೋ ಹೇಳಿದರು...

ಗುಮಾಸ್ತ ಕಾಯುತ್ತಿದ್ದ. "ಏನ್ ಬರ್ದೀಯಪ್ಪಾ, ಜರಾ ಓದಿ ಹೇಳು" ಎಂದೆ.

"ಎಲ್ಲಾ ಬರೋಬರಿ ಅದರಿ ಅಜ್ಜಾರ. ಒತ್ರಿ, ಹಿಂದ ಮಂದಿ ನಿಂತಾರ."

ನನ್ನ ಜೊತೆ ಯಾರೂ ಇರಲಿಲ್ಲ. ಅವನು ನನ್ನ ಎಡಗೈ ಹಿಡಿದು, ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ ಕಾಗದದ ಮೇಲೆ ಒತ್ತಿಸಿಕೊಂಡ. ಅದರಲ್ಲಿ ಏನು ಬರೆದಿತ್ತೋ, ನನಗೆ ಗೊತ್ತಿಲ್ಲ.