ಪೇಟೆಯ ಫೋಟೋದಲ್ಲಿದ್ದ ಟೇಲರ್

"ಇವರು ನಮ್ಮನಿಯವರ್ರಿ," ಎಂದು ವಯಸ್ಸಾದ ಹೆಣ್ಣುಮಗಳೊಬ್ಬರು ಒಂದು ಫೋಟೋದ ಮೇಲೆ ಬೆರಳಿಟ್ಟರು. ರಸ್ತೆ ಅಗಲೀಕರಣಕ್ಕೆ ಒಡೆಯುವ ಮುನ್ನ ತೆಗೆದ ಬೈಲಹೊಂಗಲ ಪೇಟೆಯ ಫೋಟೋಗಳನ್ನು ನಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ಹಚ್ಚಿದ್ದೆ. ಆಕೆ ತೋರಿಸಿದ ಫೋಟೋದಲ್ಲಿ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಟೇಲರೊಬ್ಬರು ತಲೆ ಬಗ್ಗಿಸಿ ಹೊಲಿಯುತ್ತಿದ್ದರು, ಪಕ್ಕದಲ್ಲಿ ಅಂಗಡಿಯ ಸಾವಕಾರರು ನಿಂತಿದ್ದರು. ಕಟ್ಟೆ ಒಡೆದ ಮರುವರ್ಷವೇ ಟೇಲರ್ ತೀರಿಕೊಂಡರಂತೆ. ಮನೆಯಲ್ಲಿ ಅವರದೊಂದೂ ಫೋಟೋ ಇಲ್ಲ.

"ಇದನ್ನ ಕೊಡ್ರಿ, ಮಾಲಿ ಹಾಕತೇನಿ."

"ಬಾಜೂಕ ನಿಂತ ಸಾವಕಾರ್ರು ಇನ್ನೂ ಅದಾರಲ್ರಿ ಅಕ್ಕಾರ. ಬದುಕಿದವ್ರಿಗೆ ಮಾಲಿ ಹೆಂಗ ಹಾಕತೀರಿ?"

"ಅವರನ್ನ ಕತ್ತರಿಸಿ ಕೊಡ್ರಿ."

ಕತ್ತರಿಸಿದೆ. ಉಳಿದದ್ದು ಮಷಿನ್ನು, ಬಗ್ಗಿದ ತಲೆ. ಮುಖ ಕಾಣುವುದಿಲ್ಲವಲ್ಲ ಎಂದೆ.

"ಇರ್ಲಿ ಬಿಡ್ರಿ. ಆ ಕಟ್ಟಿ ಹೋದ ಮ್ಯಾಲ ಅವರು ಮನ್ಯಾಗೂ ತಲಿ ಎತ್ತಲಿಲ್ಲ."

ಉಳಿದ ಫೋಟೋಗಳು ನನ್ನಲ್ಲಿವೆ. ಮೊದಲು ಅವುಗಳಲ್ಲಿ ಹಳೆಯ ಅಂಗಡಿಗಳನ್ನು ನೋಡುತ್ತಿದ್ದೆ. ಈಗ ಕಟ್ಟೆಯ ಮೇಲೆ ಯಾರು ಕುಳಿತಿದ್ದರೆಂದು ಹುಡುಕುತ್ತೇನೆ.