ಬೆಲ್ಲ ಬೇಡವೆಂದ ಅನುಸೂಯಾಬಾಯಿ

ಸಲಗರೆಯ ಧರೆಪ್ಪನ ಮಗಳು ಕಾಡವ್ವ ಮಿರಜದ ನರ್ಸಿಂಗ್ ಶಾಲೆಗೆ ಹೊರಟಾಗ ತಾಯಿ ಸೀತವ್ವ ಎರಡು ಬುದ್ಧಿಮಾತು ಕಟ್ಟಿಕೊಟ್ಟಳು. ಕಲಿಸುವವರ ಮುಂದೆ ಬರಿಗೈಯಲ್ಲಿ ಹೋಗಬಾರದು. ಅವರೇನಾದರೂ ಕೇಳಿದರೆ ಎಲ್ಲ ಚೆನ್ನಾಗಿದೆ ಎನ್ನಬೇಕು. ಹಿರಿಯರ ಮುಂದೆ ತನ್ನ ಗೋಳು ತೆಗೆಯುವುದೆಂದರೆ ಆ ಮನೆಯಲ್ಲಿ ಎದುರು ಮಾತಾಡಿದಷ್ಟೇ ತಪ್ಪು. ಸುತ್ತಲೂ ಸಹಕಾರಿ ಸಕ್ಕರೆ ಕಾರ್ಖಾನೆಗಳು ಎದ್ದು ನಿಂತ ಕಾಲ ಅದು. ಆದರೂ ಸಲಗರೆಯಲ್ಲಿ ಒಂದು ಬೆಲ್ಲದ ಗಾಣ ಇನ್ನೂ ಹೊಗೆಯಾಡುತ್ತಿತ್ತು, ಧರೆಪ್ಪ ಅಲ್ಲೇ ಕೂಲಿಗಿದ್ದ. ಹೀಗಾಗಿ ಮಗಳ ಕೈ ತುಂಬಿಸಲು ಬೆಲ್ಲಕ್ಕೇನೂ ಬರವಿರಲಿಲ್ಲ.

ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಹುಡುಗಿಯನ್ನೂ ಒಬ್ಬ ಶಿಕ್ಷಕಿಯ ಸುಪರ್ದಿಗೆ ಒಪ್ಪಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಅವರ ಕೋಣೆಗೆ ಹೋಗಿ ಓದಿನ ಬಗ್ಗೆ, ವಾರ್ಡಿನ ಕೆಲಸದ ಬಗ್ಗೆ ಮಾತಾಡಿ ಸಲಹೆ ಪಡೆಯಬೇಕು. ಕಾಡವ್ವ ಅನುಸೂಯಾಬಾಯಿಯವರ ಪಾಲಿಗೆ ಬಂದಳು. ಅವರದು ತಲೆಮಾರುಗಳಿಂದ ಮಿರಜದಲ್ಲಿ ನೆಲೆನಿಂತ ಕನ್ನಡದ ಮನೆ. ಪಾಠಕ್ಕೆ ಮರಾಠಿ, ಸಿಟ್ಟಿಗೂ ಮಮತೆಗೂ ಕನ್ನಡ.

“ಅಭ್ಯಾಸ ಹೆಂಗ ನಡದೈತಿ?” ಎಂದು ಅವರು ಕೇಳುವರು.

“ಎಲ್ಲಾ ಬರೋಬರ ಐತ್ರಿ ಬಾಯಾರ.”

ಮೇಜಿನ ಮೇಲೆ ಬೆಲ್ಲದ ಗಂಟು ಇಟ್ಟು, ಕಾಲು ಮುಟ್ಟಿ ನಮಸ್ಕರಿಸಿ ಕಾಡವ್ವ ಹೊರಬೀಳುವಳು. ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಷ್ಟೇ ಸಲೀಸು.

ಬರೋಬರ ಏನಿತ್ತು, ಮಣ್ಣು. ಅವಳು ಕಲಿತದ್ದು ಕನ್ನಡ ಶಾಲೆಯಲ್ಲಿ, ಇಲ್ಲಿನ ಪಾಠ ಮರಾಠಿ, ನಡುನಡುವೆ ಇಂಗ್ಲಿಷ್. ಔಷಧಕ್ಕೆ ನೀರು ಬೆರೆಸುವ ಲೆಕ್ಕವಂತೂ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಅದರಲ್ಲೇ ಬಿದ್ದಳು. ಇನ್ನೊಮ್ಮೆ ಬಿದ್ದವರನ್ನು ಮನೆಗೆ ಕಳಿಸುವುದು ಶಾಲೆಯ ನಿಯಮ. ಮನೆಯಲ್ಲಿ ಸೋದರಮಾವ ಪರಸಪ್ಪ ಅವಳನ್ನು ಮದುವೆಯಾಗಲು ಅಕ್ಕಿಕಾಳಿಗೆ ಅರಿಸಿನ ಹಚ್ಚಿಕೊಂಡೇ ಕಾಯುತ್ತಿದ್ದ. ಮಾವ ಕೆಟ್ಟವನೇನಲ್ಲ, ಆದರೆ ಕಾಡವ್ವನಿಗೆ ಬೇಕಾಗಿದ್ದದ್ದು ನರ್ಸಿನ ಬಿಳಿ ಟೋಪಿ. ಅದು ಕೈತಪ್ಪುತ್ತಿದೆ ಎಂದು ಗೊತ್ತಿದ್ದೂ ಶನಿವಾರ ಬಂದರೆ ಮತ್ತೆ ಅದೇ ಬೆಲ್ಲ, ಅದೇ ಬರೋಬರ.

ಆ ದಿನಗಳಲ್ಲೇ ಅವಳ ವಾರ್ಡಿಗೆ ಅಥಣಿ ಕಡೆಯ ಮುದುಕಿ ಸಾವಂತ್ರವ್ವ ಬಂದಳು. ಹೊಟ್ಟೆಯ ಆಪರೇಶನ್ ಆಗಿತ್ತು. ಡಾಕ್ಟರು ಬಂದು ವಿಚಾರಿಸಿದರೆ, “ಆರಾಮ ಅದೀನ್ರಿ ಸಾಹೇಬ್ರ,” ಎಂದಳು. ಅವರು ಮುಂದಿನ ಮಂಚಕ್ಕೆ ಹೋದರು. ಮುದುಕಿಯ ಮುಷ್ಟಿಯಲ್ಲಿ ಚಾದರದ ಅಂಚು ಹಿಂಡಿಹೋಗಿದ್ದನ್ನು ಕಾಡವ್ವ ಕಂಡಳು. ಓಡಿಹೋಗಿ, ವಾರ್ಡಿನಲ್ಲಿದ್ದ ಅನುಸೂಯಾಬಾಯಿಯವರ ಮುಂದೆ ನಿಂತಳು.

“ಬಾಯಾರ, ಆಯಿ ಸುಳ್ಳ ಹೇಳಾಕತ್ಯಾಳ್ರಿ. ಆಕಿಗೆ ಭಾಳ ತ್ರಾಸ ಐತಿ.”

ಡಾಕ್ಟರು ಹಿಂದಿರುಗಿ ಪಟ್ಟಿ ಬಿಚ್ಚಿ ನೋಡಿದರೆ ಗಾಯದೊಳಗೆ ಕೀವು ತುಂಬಿತ್ತು. ವೇಳೆಗೆ ಸರಿಯಾಗಿ ಗೊತ್ತಾಯಿತು, ಮುದುಕಿ ಉಳಿದಳು.

ಮರು ಶನಿವಾರ ಕಾಡವ್ವ ಎಂದಿನಂತೆ ಗಂಟು ಇಟ್ಟಾಗ ಅನುಸೂಯಾಬಾಯಿ, “ಆಯಿ ಸುಳ್ಳ ಹೇಳಿದ್ದು ನಿನಗ ಹೆಂಗ ತಿಳೀತು?” ಎಂದರು.

“ನಮ್ಮ ಮಂದಿ ಹಂಗ್ರಿ. ದೊಡ್ಡವರು ಕೇಳಿದ್ರ ಆರಾಮ ಅಂತಾರ.”

ಅವರು ಬೆಲ್ಲದ ಗಂಟನ್ನು ಮೆಲ್ಲಗೆ ಅವಳತ್ತ ಸರಿಸಿದರು. “ಹಂಗಾದ್ರ ನೀ ಇಷ್ಟ ದಿನಾ ನನ್ನ ಮುಂದ ಏನ ಹೇಳಾಕತ್ತೀದಿ?”

ಕಾಡವ್ವನ ಕಣ್ಣು ತುಂಬಿ ನೀರು ಹರಿಯಿತು.

“ಅಳು. ಅಳಲಾರದ ಕೂಸಿಗೆ ಹಡದವ್ವನೂ ಹಾಲ ಕೊಡೂದಿಲ್ಲ. ಬರಿಗೈಲೆ ಬರಬ್ಯಾಡ, ನಿಮ್ಮವ್ವ ಹೇಳಿದ್ದು ಖರೆ. ಆದ್ರ ಬೆಲ್ಲ ತರಬ್ಯಾಡ. ವಾರದಾಗ ತಿಳೀಲಾರದ್ದು ಒಂದು ತಗೊಂಡ ಬಾ.”

ಅಂದೇ ಕಾಡವ್ವ ನೀರಿನ ಲೆಕ್ಕದ ಗೋಳು ಬಿಚ್ಚಿಟ್ಟಳು. ಗಟ್ಟಿ ಮಜ್ಜಿಗೆ ಎಷ್ಟು, ಮನೆಮಂದಿಗೆಲ್ಲ ಬರಲು ನೀರು ಎಷ್ಟು ಹಾಕುತ್ತೀ ಎಂದು ಅನುಸೂಯಾಬಾಯಿ ಅಲ್ಲಿಂದ ಹಿಡಿದರು. ಬರೀ “ತಿಳೀವಲ್ದು” ಎಂದರೆ ಅವರು ಒಪ್ಪುತ್ತಿರಲಿಲ್ಲ. “ಎಲ್ಲೀತನಕ ತಿಳೀತು, ಅದನ್ನ ಹೇಳು. ಮುಂದಿಂದು ಕೂಡೇ ನೋಡೂಣು,” ಎನ್ನುವರು. ಹಾಗೆ ಹೇಳಬೇಕೆಂದರೆ ಮೊದಲು ಓದಿರಲೇಬೇಕು. ಆ ಬಾಯಾರ ಯುಕ್ತಿ ಅದೇ ಆಗಿತ್ತು. ಕಾಡವ್ವ ಮೊದಲ ನಂಬರೇನೂ ಬರಲಿಲ್ಲ, ಆದರೆ ಪಾಸಾದಳು. ಬಿಳಿ ಟೋಪಿ ತಲೆಗೇರಿತು, ಪರಸಪ್ಪನ ಅಕ್ಷತೆ ಬೇರೆಯವರ ತಲೆಗೆ ಬಿತ್ತು. ಆ ಶನಿವಾರಗಳು ಇರದಿದ್ದರೆ ತಾನು ಕಬ್ಬು ಕಡಿಯುವ ಫಡದಲ್ಲಿ ಇರುತ್ತಿದ್ದೆ ಎಂದು ಅವಳು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ತಾನುಣ್ಣುವ ಅನ್ನ ಆ ಬಾಯಾರದು ಎಂದು ಹೇಳುವಾಗ ಅವಳಿಗೆ ಸಂಕೋಚವೇ ಇರಲಿಲ್ಲ.

ವರ್ಷಗಳು ಉರುಳಿದವು. ಕಾಡವ್ವ ವಾರ್ಡಿನ ಮುಖ್ಯ ಸಿಸ್ಟರ್ ಆದಳು. ನಿವೃತ್ತರಾಗಿ ಮುದುಕಿಯಾದ ಅನುಸೂಯಾಬಾಯಿ ಒಂದು ಮುಂಜಾನೆ ಅದೇ ವಾರ್ಡಿಗೆ ರೋಗಿಯಾಗಿ ಬಂದರು. ಕಾಡವ್ವ ಮಂಚದ ಬಳಿ ಬಂದು ಹೇಗಿದ್ದೀರೆಂದು ಕೇಳಿದಳು.

“ಎಲ್ಲಾ ಬರೋಬರ ಐತವಾ.”

ಅವರ ಮುಷ್ಟಿಯಲ್ಲಿ ಚಾದರದ ಅಂಚಿತ್ತು. ಕಾಡವ್ವ ಸ್ಟೂಲು ಎಳೆದುಕೊಂಡು ಕೂತಳು.

“ನನ್ನ ಬರಿಗೈಲೆ ಕಳಸಬ್ಯಾಡ್ರಿ, ಬಾಯಾರ.”

ಅನುಸೂಯಾಬಾಯಿ ಅವಳ ಮುಖವನ್ನೇ ನೋಡಿದರು, ಆ ನೋವಿನಲ್ಲೂ ನಕ್ಕರು. ಆಮೇಲೆ ಚಾದರ ಬಿಟ್ಟು ಕಾಡವ್ವನ ಕೈ ಹಿಡಿದು ತಮ್ಮ ಪಕ್ಕೆಯ ಮೇಲೆ ಇಟ್ಟುಕೊಂಡರು.

“ಇಲ್ಲಿ ನೋಡವಾ,” ಎಂದರು. “ಇಲ್ಲಿ ನೋಯತೈತಿ.”